ಮಲೆಯ ಮೇಲಿನ ಡೇರೆ: ರಾತ್ರಿಯ ಹೊಣೆ ಯಾರದು?

ಮಳೆ ಬಿಟ್ಟು ಚಳಿ ಕಾಲಿಡುತ್ತಿದ್ದಂತೆ ಮಲೆನಾಡಿನ ದಾರಿಗಳಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡ ಯುವಕ ಯುವತಿಯರ ತಂಡಗಳು ಕಾಣಿಸಿಕೊಳ್ಳುವುದು ಈಗ ವಾಡಿಕೆಯಾಗಿದೆ. ಹಿಂದೆ ಬೆಟ್ಟ ಹತ್ತುವವರು ಒಂದೋ ಹರಕೆ ಹೊತ್ತ ಭಕ್ತರು, ಇಲ್ಲವೇ ಕಾಡುತ್ಪತ್ತಿ ಸಂಗ್ರಹಿಸುವ ಮೂಲನಿವಾಸಿಗಳು. ಇಂದು ಹತ್ತುವವರು ಊರಿನ ಗದ್ದಲದಿಂದ ಒಂದು ರಾತ್ರಿಯ ಬಿಡುಗಡೆ ಬಯಸುವವರು. ಅವರಿಗೆ ಬೇಕಾದದ್ದು ಹೋಟೆಲಿನ ಕೊಠಡಿಯಲ್ಲ. ಕಾಡಿನ ಅಂಚಿನಲ್ಲಿ ನಾಲ್ಕು ಡೇರೆ, ಒಂದು ಬೆಂಕಿ, ಮೇಲೆ ನಕ್ಷತ್ರ, ಅಷ್ಟೆ. ಈ ಬಯಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕಳೆದ ಕೆಲವು ವರ್ಷಗಳಲ್ಲಿ ಪಶ್ಚಿಮ ಘಟ್ಟದ ಉದ್ದಕ್ಕೂ ಇಂಥ ವಿಹಾರಗಳಲ್ಲಿ ಸಂಭವಿಸಿದ ಸಾವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಪ್ರಶ್ನೆ ಕೇವಲ ಸಾಹಸಿಗಳ ಅಜಾಗರೂಕತೆಯದ್ದಲ್ಲ, ಆಡಳಿತದ ಒಂದು ದೊಡ್ಡ ತೂತಿನದ್ದು ಎಂಬುದು ಸ್ಪಷ್ಟವಾಗುತ್ತದೆ.

ನಮ್ಮ ಜಿಲ್ಲೆಗೂ ಇದು ದೂರದ ಸಂಗತಿಯಲ್ಲ. ಕಾಞಂಗಾಡಿನಿಂದ ಸುಮಾರು 45 ಕಿಲೋಮೀಟರು ಪೂರ್ವಕ್ಕೆ, ಪನತ್ತಡಿ ಪಂಚಾಯತಿನ ಎತ್ತರದಲ್ಲಿ ರಾಣಿಪುರಂ ಇದೆ. ಹಿಂದೆ ಮಾಡತ್ತುಮಲೆ ಎಂದು ಕರೆಯಲ್ಪಡುತ್ತಿದ್ದ ಈ ಮಲೆಗೆ, ದಕ್ಷಿಣದಿಂದ ಬಂದ ಕ್ರೈಸ್ತ ವಲಸೆ ರೈತರು 1970ರಿಂದೀಚೆಗೆ ನೆಲೆಸಿದ ಬಳಿಕ, ಮರಿಯ ಮಾತೆಯ ನೆನಪಿನಲ್ಲಿ ಈಗಿನ ಹೆಸರು ಬಂತು. ಕೆಳಗೆ ದಟ್ಟ ಕಾಡು, ಮೇಲೆ ಬೋಳು ಹುಲ್ಲುಗಾವಲು, ಅದರಾಚೆ ಕೊಡಗಿನ ತಲಕಾವೇರಿ ವನ್ಯಧಾಮ. ಮಳೆಗಾಲದಲ್ಲಿ ಉಂಬಳದ ಕಾಟ, ಬೇಸಗೆಯಲ್ಲಿ ಒಣಹುಲ್ಲು, ವರ್ಷವಿಡೀ ಆನೆಯ ಓಡಾಟದ ಸಾಧ್ಯತೆ. ಇಲ್ಲಿ ಅರಣ್ಯ ಇಲಾಖೆ ಮತ್ತು ಸ್ಥಳೀಯ ವನ ಸಂರಕ್ಷಣಾ ಸಮಿತಿಯ ಉಸ್ತುವಾರಿಯಲ್ಲಿ ಹಗಲಿನ ಚಾರಣ ನಡೆಯುತ್ತದೆ. ಆನೆ ಕಂಡಾಗ ಅಥವಾ ಮಳೆ ಬಿರುಸಾದಾಗ ದಾರಿ ಮುಚ್ಚುವುದೂ ಉಂಟು. ಅಂದರೆ ಹಗಲಿಗೆ ಹೇಗೋ ಒಂದು ಏರ್ಪಾಡು ಇದೆ. ಘಟ್ಟದ ತುಂಬ ತಲೆಯೆತ್ತುತ್ತಿರುವ ಪ್ರಶ್ನೆ ರಾತ್ರಿಯದು.

ನಾಲ್ಕು ಪ್ರಕರಣಗಳು

ಮೊದಲು ನಡೆದುದನ್ನು ನೋಡೋಣ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣದಿಂದ ಇಳಿದು ಬರುತ್ತಿದ್ದವರನ್ನು ಕಾಡ್ಗಿಚ್ಚು ಸುತ್ತುವರಿಯಿತು. ಸ್ಥಳದಲ್ಲಿ ಸತ್ತವರು, ಬಳಿಕ ಆಸ್ಪತ್ರೆಗಳಲ್ಲಿ ಸತ್ತವರು ಸೇರಿ ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಹೆಚ್ಚಿನವರು ಚೆನ್ನೈ, ಈರೋಡ್, ತಿರುಪ್ಪೂರು ಕಡೆಯ ಯುವಜನರು. ಬೇಸಗೆಯ ಮಧ್ಯೆ, ಆಳೆತ್ತರದ ಒಣಹುಲ್ಲಿನ ಇಳಿಜಾರಿನಲ್ಲಿ ಅವರು ಇದ್ದದ್ದೇ ಮೊದಲ ತಪ್ಪು. ಸಮತಟ್ಟಿನಲ್ಲಿ ಬೆಂಕಿ ನಡೆದರೆ, ಏರಿನಲ್ಲಿ ಅದು ಓಡುತ್ತದೆ. ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಸಿದ್ಧಪಡಿಸಿರುತ್ತದೆ. ಹೆದರಿದ ಮನುಷ್ಯನೂ ಮೇಲಕ್ಕೇ ಓಡುತ್ತಾನೆ. ಈ ಓಟದಲ್ಲಿ ಗೆಲ್ಲುವುದು ಯಾವಾಗಲೂ ಬೆಂಕಿಯೇ.

ಎರಡನೆಯದು ವಯನಾಡಿನದು. 2021ರ ಜನವರಿ 23ರ ರಾತ್ರಿ ಮೇಪ್ಪಾಡಿಯಲ್ಲಿ ಕಾಡಿನಂಚಿನ ಡೇರೆ ಬಿಡಾರದಲ್ಲಿ ತಂಗಿದ್ದ ಕಣ್ಣೂರು ಜಿಲ್ಲೆಯ 26 ವರ್ಷದ ಯುವತಿಯೊಬ್ಬರು ಡೇರೆಯಿಂದ ಹೊರಬಂದಿದ್ದಾಗ ಕಾಡಾನೆಗೆ ಬಲಿಯಾದರು. ಆ ಸ್ಥಳಕ್ಕೆ ಡೇರೆ ಹಾಕಲು ಪರವಾನಗಿ ಇರಲಿಲ್ಲವೆಂದು ಜಿಲ್ಲಾಡಳಿತ ಹೇಳಿತು. ಬಿಡಾರವನ್ನು ಮುಚ್ಚಿಸಲಾಯಿತು, ಜಿಲ್ಲೆಯಲ್ಲಿ ಡೇರೆ ವಾಸ್ತವ್ಯದ ಮೇಲೆ ನಿಷೇಧ ಹೇರಲಾಯಿತು. ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. 2025ರ ಮೇ ತಿಂಗಳಲ್ಲಿ ಅದೇ ಮೇಪ್ಪಾಡಿಯ 900 ಕಂಡಿ ಎಂಬಲ್ಲಿ ಡೇರೆಯ ಮೇಲಿನ ಚಪ್ಪರ ಕುಸಿದು ಮಲಪ್ಪುರಂ ಜಿಲ್ಲೆಯ 24 ವರ್ಷದ ಇನ್ನೊಬ್ಬ ಯುವತಿ ಮೃತಪಟ್ಟರು. ಪೊಲೀಸರು ಬಿಡಾರವನ್ನು ನೋಡಿಕೊಳ್ಳುತ್ತಿದ್ದವರನ್ನು ಬಂಧಿಸಿದರು. ನಾಲ್ಕು ವರ್ಷಗಳ ಅಂತರದಲ್ಲಿ, ಒಂದೇ ಪಂಚಾಯತಿನಲ್ಲಿ, ಡೇರೆಯಲ್ಲಿ ತಂಗಿದ್ದವರ ಎರಡು ಸಾವುಗಳು. ಇವೆರಡರ ನಡುವೆ, 2024ರ ಜುಲೈ 30ರ ನಸುಕಿನಲ್ಲಿ, ಇದೇ ಪಂಚಾಯತಿನ ಮುಂಡಕ್ಕೈ ಮತ್ತು ಚೂರಲ್‌ಮಲೆಗಳನ್ನು ಭೂಕುಸಿತ ಅಳಿಸಿ ಹಾಕಿ ಇನ್ನೂರಕ್ಕೂ ಹೆಚ್ಚು ಜನರನ್ನು ನುಂಗಿತ್ತು. ಅಷ್ಟು ದೊಡ್ಡ ದುರಂತ ಕಂಡ ನೆಲದಲ್ಲೂ ದುರ್ಬಲ ಚಪ್ಪರದ ಕೆಳಗೆ ಅತಿಥಿಗಳನ್ನು ಮಲಗಿಸುವ ವ್ಯವಹಾರ ನಡೆದೇ ಇತ್ತು ಎಂಬುದನ್ನು ಗಮನಿಸಬೇಕು.

ನಾಲ್ಕನೆಯದು ಸಾವಿನದಲ್ಲ, ಸಂಖ್ಯೆಯದು. ಮತ್ತು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಯವಿರುವ ಬೆಟ್ಟದ್ದು. 2024ರ ಜನವರಿ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಸುಬ್ರಹ್ಮಣ್ಯದ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದರು. 1712 ಮೀಟರು ಎತ್ತರದ ಬೆಟ್ಟದ ಕಾಲುದಾರಿಯಲ್ಲಿ ಜಾತ್ರೆಯ ಸಾಲು. ಆ ದೃಶ್ಯ ದೇಶದೆಲ್ಲೆಡೆ ಹರಡಿತು. ಕರ್ನಾಟಕದ ಅರಣ್ಯ ಸಚಿವರು ಮುಂಗಡ ನೋಂದಣಿ ವ್ಯವಸ್ಥೆ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಆಜ್ಞೆ ಹೊರಡಿಸಿದರು. ಅದೇ ವರ್ಷ ಆನ್‌ಲೈನ್ ನೋಂದಣಿಯ ಏರ್ಪಾಡು ಬಂತು. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಬಂದವರಿಗೆ ಊಟ ಬಡಿಸುತ್ತಿದ್ದ ಕಾಲದಲ್ಲಿ ಬೆಟ್ಟಕ್ಕೆ ಒಂದು ಸಹಜ ಮಿತಿಯಿತ್ತು. ಒಂದು ಮನೆಯ ಅನ್ನದ ಪಾತ್ರೆ ಎಷ್ಟು ಜನರಿಗೆ ಸಾಕಾಗುತ್ತದೋ ಅಷ್ಟೇ ಜನ. ಆ ಮಿತಿ ಮುರಿದಾಗ ಸರಕಾರ ಇನ್ನೊಂದನ್ನು ಹುಡುಕಬೇಕಾಯಿತು.

ಗೋಡೆಯಿಲ್ಲದ ಹೋಟೆಲು

ಈ ನಾಲ್ಕರಲ್ಲಿ ಬೆಂಕಿ, ಆನೆ, ಚಪ್ಪರ, ಜನಜಂಗುಳಿ ಹೀಗೆ ಕಾರಣ ಬೇರೆ ಬೇರೆ. ಆದರೆ ಪ್ರತಿಯೊಂದರ ನಂತರವೂ ನಡೆದದ್ದು ಒಂದೇ: ಮೊದಲು ನಿಷೇಧ, ನಂತರ ಮರೆವು ಅಥವಾ ನಿಯಮ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಗಾದೆ ಇಲ್ಲಿ ಪೂರ್ತಿ ಒಪ್ಪುತ್ತದೆ. ಹಾಗಾದರೆ ಮೊದಲೇ ಬಾಗಿಲು ಹಾಕಲು ಅಡ್ಡಿ ಏನು?

ಅಡ್ಡಿ ಇರುವುದು ಡೇರೆಯ ಸ್ವರೂಪದಲ್ಲೇ. ಮಲೆಯಲ್ಲಿ ಒಬ್ಬ ರೈತ ನಾಲ್ಕು ಕೊಠಡಿ ಕಟ್ಟಿಸಿ ಅತಿಥಿಗಳನ್ನು ಇಡಬೇಕಾದರೆ ನಕ್ಷೆ, ಕಟ್ಟಡ ನಂಬ್ರ, ಪಂಚಾಯತಿನ ಪರವಾನಗಿ, ಶೌಚಾಲಯ, ನೀರು ಹೀಗೆ ಹತ್ತು ಬಾಗಿಲು ಬಡಿಯಬೇಕು. ಅದೇ ರೈತ ಅದೇ ಜಾಗದಲ್ಲಿ ಹತ್ತು ಬಟ್ಟೆಯ ಡೇರೆ ಹೂಡಿದರೆ, ಅವು ಸಂಜೆ ಏಳುತ್ತವೆ, ಬೆಳಿಗ್ಗೆ ಮಡಚಿಕೊಳ್ಳುತ್ತವೆ. ತನಿಖೆಗೆ ಬಂದ ಅಧಿಕಾರಿಯ ಕಣ್ಣಿಗೆ ಕಾಣುವುದು ಬರಿಯ ಹುಲ್ಲು. ಕಾನೂನು ಗೋಡೆಯನ್ನು ಕಾಣುತ್ತದೆ, ಬಟ್ಟೆಯನ್ನು ಕಾಣುವುದಿಲ್ಲ. ಹೀಗಾಗಿ ಡೇರೆ ಬಿಡಾರವೆಂದರೆ ಗೋಡೆಯಿಲ್ಲದ ಹೋಟೆಲು. ಬಾಡಿಗೆ ಹೋಟೆಲಿನದು, ಹೊಣೆ ಮಾತ್ರ ಯಾರದೂ ಅಲ್ಲ. ಅರಣ್ಯ ಇಲಾಖೆ ಇದು ಖಾಸಗಿ ಭೂಮಿ ಎನ್ನಬಹುದು, ಪಂಚಾಯತು ಇದು ಕಟ್ಟಡವಲ್ಲ ಎನ್ನಬಹುದು, ಪ್ರವಾಸೋದ್ಯಮ ಇಲಾಖೆ ಇದು ತನ್ನ ಪಟ್ಟಿಯಲ್ಲಿಲ್ಲ ಎನ್ನಬಹುದು. ಮೂವರ ಮಾತೂ ಅವರವರ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಅದರ ನಡುವೆ ಮಲಗಿದವರು ಮಾತ್ರ ಅನಾಥರು.

ನಿಷೇಧದಿಂದ ಇದು ಸರಿಹೋಗುವುದಿಲ್ಲ. ನಿಷೇಧವೆಂದರೆ ನಿಯಮವಲ್ಲ, ನಿಯಮದ ಅಭಾವಕ್ಕೆ ಹಾಕಿದ ಮುಸುಕು. ಅದು ಪ್ರಾಮಾಣಿಕವಾಗಿ ನಾಲ್ಕು ಡೇರೆ ಇಟ್ಟು ರಾತ್ರಿ ಕಾವಲು ಕಾಯುತ್ತಿದ್ದವನ ಹೊಟ್ಟೆಗೆ ಹೊಡೆಯುತ್ತದೆ. ಅಪ್ರಾಮಾಣಿಕನು ಫಲಕ ಬದಲಿಸಿ ಇನ್ನೂ ಒಳಗಿನ, ಇನ್ನೂ ಅಪಾಯದ ಜಾಗಕ್ಕೆ ಸರಿಯುತ್ತಾನೆ. ಮೇಪ್ಪಾಡಿಯ ಎರಡನೆಯ ಸಾವು ಕಲಿಸುವ ಪಾಠ ಇದೇ.

ಸಾಧ್ಯವಿಲ್ಲದ ಮಾತಲ್ಲ

ಇದೆಲ್ಲ ಹೇಳುವುದು ಸುಲಭ, ನಡೆಸುವುದು ಕಷ್ಟ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ತಿರುವನಂತಪುರಂ ಜಿಲ್ಲೆಯ ಅಗಸ್ತ್ಯಕೂಟಕ್ಕೆ ವರ್ಷದಲ್ಲಿ ಒಂದು ಸೀಮಿತ ಅವಧಿಗೆ, ಜನವರಿಯಲ್ಲಿ ಆರಂಭವಾಗಿ, ಮುಂಗಡ ನೋಂದಣಿ ಮಾಡಿಸಿದವರನ್ನು ಮಾತ್ರ ಬಿಡಲಾಗುತ್ತದೆ. ದಿನಕ್ಕೆ ಹೋಗಬಹುದಾದವರ ಸಂಖ್ಯೆಗೆ ಮಿತಿಯಿದೆ. ಬೋಣಕ್ಕಾಡಿನಿಂದ ಹೊರಟ ತಂಡ ಅತಿರುಮಲೆ ಎಂಬ ಕಾಡಿನ ನಡುವಿನ ಬೀಡಿನಲ್ಲಿ ರಾತ್ರಿ ಕಳೆದು, ಮರುದಿನ 1868 ಮೀಟರಿನ ಶಿಖರ ಹತ್ತಿ ಹಿಂತಿರುಗುತ್ತದೆ. ಜೊತೆಗೆ ಮಾರ್ಗದರ್ಶಿಗಳಿರುತ್ತಾರೆ. ಪ್ಲಾಸ್ಟಿಕ್ಕಿಗೆ, ಮದ್ಯಕ್ಕೆ ಅವಕಾಶವಿಲ್ಲ. ಹೈಕೋರ್ಟಿನ ತೀರ್ಪಿನ ಬಳಿಕ 2019ರ ಜನವರಿಯಿಂದ ಹೆಂಗಸರಿಗೂ ದಾರಿ ತೆರೆಯಿತು. ಊರಿಂದ ಇಷ್ಟು ದೂರದ, ಆನೆ ಓಡಾಡುವ ಕಾಡಿನ ನಡುವೆ ರಾತ್ರಿ ತಂಗುವ ಏರ್ಪಾಡನ್ನು ಸರಕಾರವೇ ನಡೆಸಲು ಸಾಧ್ಯವಾಗಿರುವಾಗ, ಕಾಡಿನಂಚಿನ ಖಾಸಗಿ ತೋಟದಲ್ಲಿ ನಿಯಮ ಅಸಾಧ್ಯ ಎನ್ನುವುದು ನಂಬುವ ಮಾತಲ್ಲ.

ತಮಿಳುನಾಡು ಕೂಡ ಕುರಂಗಣಿಯಿಂದ ಪಾಠ ಕಲಿಯಿತು. 2018ರಲ್ಲಿಯೇ ಚಾರಣ ನಿಯಂತ್ರಣಕ್ಕೆ ಪ್ರತ್ಯೇಕ ನಿಯಮಗಳನ್ನು ಮಾಡಿ, ದಾರಿಗಳನ್ನು ಸುಲಭ, ಮಧ್ಯಮ, ಕಠಿಣ ಎಂದು ವಿಂಗಡಿಸಿತು. 2024ರ ಅಕ್ಟೋಬರಿನಲ್ಲಿ 40 ದಾರಿಗಳನ್ನು ಆರಿಸಿ, ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಿಗಳೊಂದಿಗೆ ಸರಕಾರಿ ಚಾರಣ ಯೋಜನೆಯನ್ನು ಆರಂಭಿಸಿತು. ಕಾಡ್ಗಿಚ್ಚಿನ ತಿಂಗಳುಗಳಲ್ಲಿ ದಾರಿ ಮುಚ್ಚಲಾಗುತ್ತದೆ. ಇಪ್ಪತ್ತಕ್ಕೂ ಹೆಚ್ಚು ಜೀವಗಳ ಬೆಲೆ ತೆತ್ತು ಬಂದ ನಿಯಮ ಅದು. ನಾವು ಅದನ್ನು ಪುಕ್ಕಟೆಯಾಗಿ ಪಡೆಯಬಹುದು.

ಎಲ್ಲಿ, ಎಷ್ಟು, ಯಾವಾಗ, ಯಾರು?

ನಿಯಮ ಬೇಕು ಎಂದರೆ ದಪ್ಪ ಪುಸ್ತಕ ಬೇಕೆಂದಲ್ಲ. ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಇದ್ದರೆ ಸಾಕು.

ಎಲ್ಲಿ? ಆನೆಗಳು ನೀರಿಗೂ ಮೇವಿಗೂ ಹೋಗಿ ಬರುವ ಹಾದಿಗಳನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆ ಹಾದಿಗಳು ಯಾವುವು ಎಂಬುದು ಅಲ್ಲಿನ ಮಾವಿಲ, ಮರಾಠಿ, ಕುಡಿಯ ಹಿರಿಯರಿಗೆ ಗೊತ್ತು, ಅರಣ್ಯ ಕಾವಲುಗಾರರಿಗೂ ಗೊತ್ತು. ಅವನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿಂದ ದೂರದಲ್ಲಿ ಮಾತ್ರ ಬೀಡಿಗೆ ಅನುಮತಿ ಕೊಡಬೇಕು. ಒಣ ತೊರೆಯ ಪಾತ್ರದಲ್ಲಿ, ಕಡಿದಾದ ಇಳಿಜಾರಿನ ಬುಡದಲ್ಲಿ, ಒಣ ಕೊಂಬೆಗಳ ಮರದಡಿಯಲ್ಲಿ ಡೇರೆ ಕೂಡದು. ರಾಣಿಪುರಂ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿ, ತಲಕಾವೇರಿಯ ಬ್ರಹ್ಮಗಿರಿ 2020ರ ಆಗಸ್ಟಿನಲ್ಲಿ ಕುಸಿದು ಕ್ಷೇತ್ರದ ಅರ್ಚಕರ ಕುಟುಂಬವನ್ನು ಮಣ್ಣುಪಾಲು ಮಾಡಿದ್ದನ್ನು ಯಾರೂ ಮರೆತಿರಲಾರರು. ಘಟ್ಟದ ಮಣ್ಣು ಎರಡು ರಾಜ್ಯಗಳ ಗಡಿ ನೋಡಿ ನಿಲ್ಲುವುದಿಲ್ಲ.

ಎಷ್ಟು? ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಸಣ್ಣ ಬೀಡಿನ ಸೊಗಸು ಅದು ಸಣ್ಣದಾಗಿರುವುದರಲ್ಲೇ ಇದೆ. ಆದರೆ ಅದರ ಸಂಕಟವೂ ಅಲ್ಲೇ ಇದೆ. ಉದಾಹರಣೆಗೆ ಹತ್ತು ಡೇರೆಗಳ ಬೀಡು ಎಂದಿಟ್ಟುಕೊಳ್ಳಿ. ಮಳೆಗಾಲ ಮತ್ತು ಬೆಂಕಿಯ ಕಾಲ ಕಳೆದರೆ ಉಳಿಯುವುದು ವರ್ಷಕ್ಕೆ ನಾಲ್ಕು ತಿಂಗಳು. ವಾರದ ದಿನಗಳಲ್ಲಿ ಜನ ಬರುವುದು ಕಡಿಮೆ. ಹೀಗಿರುವಾಗ ಇಬ್ಬರು ಕಾವಲುಗಾರರ ಸಂಬಳ, ಶೌಚಾಲಯದ ನಿರ್ವಹಣೆ, ವಿಮೆ ಎಲ್ಲ ಹೊರಡಬೇಕಾದರೆ ಒಂದೋ ದರ ಏರಬೇಕು, ಇಲ್ಲವೇ ಹತ್ತು ಡೇರೆ ಇಪ್ಪತ್ತಾಗಬೇಕು. ಪೈಪೋಟಿಯ ಮಾರುಕಟ್ಟೆಯಲ್ಲಿ ದರ ಏರುವುದಿಲ್ಲ, ಡೇರೆ ಏರುತ್ತದೆ. ಮೊದಲು ಮಿತಿ ಮೀರುತ್ತದೆ, ಆಮೇಲೆ ಕಾವಲುಗಾರನಿಗೆ ಖೋ ಕೊಡಲಾಗುತ್ತದೆ. ಆದ್ದರಿಂದ ಸಂಖ್ಯೆಯ ಮಿತಿಯನ್ನು ಮಾಲಿಕನ ಮನಸ್ಸಾಕ್ಷಿಗೆ ಬಿಡುವಂತಿಲ್ಲ. ಅಧಿಕೃತ ಮಿತಿ ಎಲ್ಲರಿಗೂ ಒಂದೇ ಆದಾಗ ಮಾತ್ರ ಒಳ್ಳೆಯವನು ಕೆಟ್ಟವನೊಡನೆ ಪೈಪೋಟಿಗಿಳಿದು ಹಾಳಾಗುವುದು ತಪ್ಪುತ್ತದೆ.

ಯಾವಾಗ? ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ಹುಲ್ಲುಗಾವಲಿನ ಬಳಿ ರಾತ್ರಿ ವಾಸ ಕೂಡದು. ಬೆಂಕಿ ಹಾಕುವುದಂತೂ ಸರ್ವಥಾ ಕೂಡದು. ಭಾರಿ ಮಳೆಯ ಎಚ್ಚರಿಕೆ ಇರುವ ದಿನ ಮೊದಲೇ ಕಾದಿರಿಸಿದ್ದರೂ ರದ್ದು, ಹಣ ವಾಪಸು. ಈ ಕೊನೆಯ ಮಾತು ಮುಖ್ಯ. ಕೊಟ್ಟ ಹಣ ಮರಳಿ ಬಾರದು ಎಂಬ ಒಂದೇ ಕಾರಣಕ್ಕೆ ಜನರು ಮಳೆಯಲ್ಲೂ ಮಲೆ ಹತ್ತುತ್ತಾರೆ.

ಯಾರು? ಅತಿಥಿಗಳ ಹೆಸರು ದಾಖಲಾಗಿರಬೇಕು, ಆ ದಾಖಲೆಯ ಒಂದು ಪ್ರತಿ ಅರಣ್ಯ ಕಚೇರಿಗೆ ಸಂಜೆಯೊಳಗೆ ಮುಟ್ಟಬೇಕು. ರಾತ್ರಿ ಎಚ್ಚರವಿರುವ ಸ್ಥಳೀಯನೊಬ್ಬನಿರಬೇಕು. ಕತ್ತಲಾದ ಮೇಲೆ ಶೌಚಕ್ಕೆಂದು ಒಬ್ಬೊಬ್ಬರೇ ಕಾಡಿನಂಚಿಗೆ ಹೋಗುವ ಪರಿಸ್ಥಿತಿ ಇರಬಾರದು. ಡೇರೆಯೊಳಗೆ ಹಣ್ಣು, ಅಕ್ಕಿ, ಉಪ್ಪು ಇಟ್ಟು ಮಲಗಿದರೆ ಅದು ಆನೆಗೆ ಕಳುಹಿಸಿದ ಆಮಂತ್ರಣವಾದೀತು ಎಂದು ತಿಳಿಹೇಳುವವರಿರಬೇಕು. ಕಾಯಿಲೆ ಬಿದ್ದರೆ ಕೆಳಗೆ ತರುವ ಜೀಪು ಸಿದ್ಧವಿರಬೇಕು. ಪಾಣತ್ತೂರಿನ ಸುತ್ತಲಿನ ಇಳಿಜಾರು ತಿರುವುಗಳು ಎಷ್ಟು ನಿರ್ದಯ ಎಂಬುದನ್ನು 2021ರ ಜನವರಿ 3ರಂದು ಮದುವೆ ದಿಬ್ಬಣದ ಬಸ್ಸು ಉರುಳಿ ಏಳು ಮಂದಿ ಸತ್ತಾಗ ಕಂಡಿದ್ದೇವೆ. ರಾತ್ರಿಯ ಹೊತ್ತು ಅದೇ ರಸ್ತೆಯಲ್ಲಿ ಗಾಯಾಳುವನ್ನು ಕಾಞಂಗಾಡಿಗೋ ಸುಳ್ಯಕ್ಕೋ ಮುಟ್ಟಿಸುವುದು ಸಣ್ಣ ಮಾತಲ್ಲ.

ಕಾವಲುಗಾರನ ಜೀವ

ಪ್ರವಾಸಿಗಳ ಸುರಕ್ಷತೆಯ ಮಾತಿನಲ್ಲಿ ಕಾವಲುಗಾರರನ್ನು ಮರೆಯುವುದು ನಮ್ಮ ಅಭ್ಯಾಸ. 2024ರ ಫೆಬ್ರವರಿ 16ರಂದು ವಯನಾಡಿನ ಕುರುವ ದ್ವೀಪದ ಪ್ರವಾಸಿ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ವನ ಸಂರಕ್ಷಣಾ ಸಮಿತಿಯ ನೌಕರರೊಬ್ಬರು ಆನೆಯ ದಾಳಿಗೆ ಬಲಿಯಾದರು. ಮರುದಿನ ಇಡೀ ಜಿಲ್ಲೆಯಲ್ಲಿ ಹರತಾಳ. ಆ ಬಳಿಕ ಅಲ್ಲಿನ ಅರಣ್ಯ ಪ್ರವಾಸಿ ಕೇಂದ್ರಗಳು ತಿಂಗಳುಗಟ್ಟಲೆ ಮುಚ್ಚಿದ್ದವು. ಹೈಕೋರ್ಟಿನ ಅನುಮತಿ ಪಡೆದು, ಸಂಖ್ಯೆಗೆ ಮಿತಿ ಹಾಕಿ, ಅಕ್ಟೋಬರಿನಲ್ಲಿ ತೆರೆದವು. ಆ ತಿಂಗಳುಗಳಲ್ಲಿ ದಿನಗೂಲಿಯ ಮಾರ್ಗದರ್ಶಿಗಳ, ಚಹಾದಂಗಡಿಯವರ, ಜೀಪಿನವರ ಮನೆಗಳಲ್ಲಿ ಒಲೆ ಹೇಗೆ ಉರಿಯಿತು ಎಂದು ಯಾರೂ ವಿಚಾರಿಸಲಿಲ್ಲ. ಕಾಡಿನ ಪ್ರವಾಸ ನಿಂತಿರುವುದೇ ಈ ಜನರ ಹೆಗಲ ಮೇಲೆ. ಅವರಿಗೆ ವಿಮೆ, ಖಾಯಂ ಸಂಬಳ, ತರಬೇತಿ ಇಲ್ಲದೆ ಬೀಡುಗಳಿಗೆ ಪರವಾನಗಿ ನೀಡುವುದೆಂದರೆ ಅಪಾಯವನ್ನು ಶ್ರೀಮಂತನಿಂದ ಬಡವನಿಗೆ ವರ್ಗಾಯಿಸುವುದೆಂದೇ ಅರ್ಥ.

ಕೇಂದ್ರದ ಕಾನೂನು ಕೂಡ ಈಗ ಬದಲಾಗಿದೆ. 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿಯಂತೆ, ಅರಣ್ಯದ ಕಾರ್ಯಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮದ ಸೌಕರ್ಯಗಳನ್ನು ಅರಣ್ಯೇತರ ಬಳಕೆ ಎಂದು ಪರಿಗಣಿಸಲಾಗುವುದಿಲ್ಲ. ಈ ತಿದ್ದುಪಡಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆ. ಏನೇ ಇರಲಿ, ಹಿಂದೆ ದಿಲ್ಲಿಯ ಅನುಮತಿಗೆ ಕಾಯಬೇಕಾಗಿದ್ದ ಕೆಲಸ ಮುಂದೆ ಸ್ಥಳೀಯ ಯೋಜನೆಯ ಒಂದು ಪುಟದಲ್ಲಿ ಮುಗಿಯಬಹುದು. ಆದ್ದರಿಂದಲೇ ಆ ಪುಟವನ್ನು ಬರೆಯುವ ಮೊದಲು ಊರವರನ್ನು ಕೇಳಬೇಕಾದ ಅಗತ್ಯ ಹಿಂದಿಗಿಂತ ಹೆಚ್ಚಾಗಿದೆ.

ಎಚ್ಚರಿಕೆಯ ಭಾಷೆ

ಇನ್ನೊಂದು ಸಣ್ಣ ಮಾತು, ನೋಡಲಿಕ್ಕಷ್ಟೇ ಸಣ್ಣದು. ರಾಣಿಪುರಂ ಹತ್ತುವವರಲ್ಲಿ ಕೊಡಗು, ಸುಳ್ಯ, ಪುತ್ತೂರು, ಮಂಗಳೂರು ಕಡೆಯವರೂ ಇದ್ದಾರೆ. ನಮ್ಮ ಮಂಜೇಶ್ವರ, ಕಾಸರಗೋಡು ತಾಲೂಕಿನ ಕನ್ನಡಿಗರೂ ಇದ್ದಾರೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರ ಭಾಷೆಯನ್ನು ಅಂಗೀಕರಿಸಿದೆ. ಸಾಮಾನ್ಯ ಫಲಕಗಳ ವಿಷಯದಲ್ಲಿ ಇದು ಹಕ್ಕಿನ ಪ್ರಶ್ನೆ. ಕಾಡಿನ ಎಚ್ಚರಿಕೆ ಫಲಕದ ವಿಷಯದಲ್ಲಿ ಇದು ಜೀವದ ಪ್ರಶ್ನೆ. ಮುಂದೆ ಆನೆ ಇದೆ, ಬೆಂಕಿ ಹಾಕಬೇಡಿ, ಆರು ಗಂಟೆಯ ನಂತರ ಈ ದಾರಿ ಮುಚ್ಚಿದೆ ಎಂಬ ಮೂರು ಸಾಲುಗಳನ್ನು ಮಲಯಾಳ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆಸಲು ತಗಲುವ ಖರ್ಚು ಒಂದು ಡಬ್ಬಿ ಬಣ್ಣದ್ದು ಮಾತ್ರ. ಅದೇ ರೀತಿ ಗಡಿಯ ಎರಡು ಬದಿಯ ಅರಣ್ಯ ಇಲಾಖೆಗಳು ಆನೆಯ ಚಲನವಲನ, ಕಾಡ್ಗಿಚ್ಚಿನ ಸುದ್ದಿಗಳನ್ನು ಪರಸ್ಪರ ಆಗಿಂದಾಗ್ಗೆ ತಿಳಿಸುವ ಏರ್ಪಾಡು ಗಟ್ಟಿಯಾಗಬೇಕು. ತಲಕಾವೇರಿಯ ಕಡೆ ಎದ್ದ ಹೊಗೆ ಪನತ್ತಡಿಗೆ ತಿಳಿಯಲು ಗಾಳಿಯನ್ನೇ ನೆಚ್ಚಿ ಕೂರುವಂತಾಗಬಾರದು.

ಡೇರೆಗಳೇ ಬೇಡ, ಕಾಡನ್ನು ಕಾಡಾಗಿ ಬಿಡಿ ಎನ್ನುವವರೂ ಇದ್ದಾರೆ. ಅವರ ಕಾಳಜಿಯನ್ನು ಗೌರವಿಸಲೇಬೇಕು. ಕಾಡಿನೊಳಗೆ, ಅದರಲ್ಲೂ ಹುಲ್ಲುಗಾವಲಿನ ಮೇಲೆ, ಖಾಸಗಿ ಡೇರೆಗೆ ಅವಕಾಶವೇ ಇರಕೂಡದು. ಆದರೆ ಕಾಡನ್ನು ಒಮ್ಮೆಯೂ ಕಾಣದ ತಲೆಮಾರು ಕಾಡನ್ನು ಉಳಿಸಲಾರದು ಎಂಬುದೂ ಅಷ್ಟೇ ನಿಜ. ಕೇರಳದ ಅರಣ್ಯ ಇಲಾಖೆ ಶಾಲಾ ಕಾಲೇಜುಗಳ ಮಕ್ಕಳಿಗೆ ಪ್ರಕೃತಿ ಅಧ್ಯಯನ ಶಿಬಿರಗಳನ್ನು ನಡೆಸುತ್ತಾ ಬಂದಿರುವುದು ಇದೇ ತಿಳಿವಳಿಕೆಯಿಂದ. ಕತ್ತಲಲ್ಲಿ ಸುಮ್ಮನೆ ಕೂತು ಕಾಡಿನ ಸದ್ದು ಕೇಳುವ ಒಂದು ರಾತ್ರಿ ಹತ್ತು ಪಾಠಗಳಿಗೆ ಸಮ. ಧ್ವನಿವರ್ಧಕ, ಬಣ್ಣದ ದೀಪ, ಬಾಟಲಿಗಳೊಂದಿಗೆ ಕಳೆಯುವ ರಾತ್ರಿಯಿಂದ ಮನುಷ್ಯನೂ ಕಲಿಯುವುದಿಲ್ಲ, ಮೃಗವೂ ಬದುಕುವುದಿಲ್ಲ.

ಈಗ ಆಗಬೇಕಾದದ್ದು ಇಷ್ಟು. ಕಾಡಿನಂಚಿನ ಡೇರೆ ವಾಸ್ತವ್ಯಕ್ಕೆ ಪ್ರತ್ಯೇಕ ಪರವಾನಗಿ ಪದ್ಧತಿ ಬರಲಿ. ಅದನ್ನು ಕೊಡುವ ಮತ್ತು ಹಿಂತೆಗೆಯುವ ಅಧಿಕಾರ ಒಂದೇ ಕಡೆ ಇರಲಿ. ಪಂಚಾಯತು, ಅರಣ್ಯ, ಪ್ರವಾಸೋದ್ಯಮ ಈ ಮೂರೂ ಇಲಾಖೆಗಳು ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಒಟ್ಟಾಗಿ ಸ್ಥಳ ಪರಿಶೀಲನೆ ನಡೆಸಲಿ. ಪರವಾನಗಿ ಪಡೆದ ಬೀಡುಗಳ ಪಟ್ಟಿಯನ್ನು ಜಿಲ್ಲಾಡಳಿತ ಪ್ರಕಟಿಸಲಿ. ಮಕ್ಕಳನ್ನು ಕಳುಹಿಸುವ ತಂದೆ ತಾಯಂದಿರು ಆ ಪಟ್ಟಿ ನೋಡಿ ಕಳುಹಿಸಲಿ. ಇದಕ್ಕೆ ಹೊಸ ಶಾಸನಸಭೆ ಕೂಡಬೇಕಾಗಿಲ್ಲ, ಕೋಟಿಗಟ್ಟಲೆ ಹಣವೂ ಬೇಕಾಗಿಲ್ಲ.

ಬೇಕಾಗಿರುವುದು ಸಾವಿಗೆ ಮುಂಚೆ ಎಚ್ಚರಗೊಳ್ಳುವ ಮನಸ್ಸು. ನಮ್ಮ ಜಿಲ್ಲೆಗೆ ಇನ್ನೂ ಸಮಯವಿದೆ. ಮೇಪ್ಪಾಡಿಗೆ ಆ ಭಾಗ್ಯ ಇರಲಿಲ್ಲ.